ಬೆಕ್ಕಿಗೆ ನೀರು ಹಾಕಿದರೆ ತೊಳೆಯಬೇಕಾದ್ದು ಯಾರನ್ನು?

ಮಿಡಿಗೇಶಿ: ಸಂಕ್ರಾಂತಿ ಬಂತೆಂದರೆ ಈ ಸೀಮೆಯಲ್ಲಿ ಮನುಷ್ಯರಿಗಿಂತ ಮೊದಲು ದನಕರುಗಳಿಗೆ ಸ್ನಾನ. ಕೆರೆಯಲ್ಲಿ ನೀರಿದ್ದರೆ ಕೆರೆ, ಇಲ್ಲವಾದರೆ ಬೋರ್‌ವೆಲ್ ತೊಟ್ಟಿ. ಎತ್ತಿನ ಮೈ ತಿಕ್ಕಿ, ಕೊಂಬಿಗೆ ಬಣ್ಣ ಬಳಿದು, ಕೊರಳಿಗೆ ಗೆಜ್ಜೆ ಕಟ್ಟಿ, ಸಂಜೆ ಕಿಚ್ಚು ಹಾಯಿಸಿದರೆ ಹಬ್ಬ ಮುಗಿಯಿತು. ಕುರಿಗಳಿಗೂ ಉಣ್ಣೆ ಕತ್ತರಿಸುವ ಮುಂಚೆ ಮೈ ತೊಳೆಯುವ ಪದ್ಧತಿ ಉಂಟು. ಹೀಗೆ ಕೊಟ್ಟಿಗೆಯ ಜೀವಗಳೆಲ್ಲ ಥಳಥಳ ಹೊಳೆಯುತ್ತಿರುವಾಗ, ಒಲೆಯ ಬೂದಿಯಲ್ಲಿ ಹೊರಳಿ ಎದ್ದ ಒಂದು ಪ್ರಾಣಿ ಮನೆ ಮಕ್ಕಳ ಕಣ್ಣಿಗೆ ಬೀಳುತ್ತದೆ. ಅದೇ ಬೆಕ್ಕು.

“ಎಲ್ಲಾರ್ಗೂ ಆಯ್ತು, ಇದೊಂದು ಯಾಕೆ ಬಾಕಿ?”

ಇಷ್ಟು ಸಾಕು. ಒಬ್ಬ ಕತ್ತು ಹಿಡಿಯುತ್ತಾನೆ, ಒಬ್ಬಳು ಚೊಂಬು ಎತ್ತುತ್ತಾಳೆ, ಇನ್ನೊಬ್ಬ ಬಟ್ಟೆ ಸೋಪು ತರುತ್ತಾನೆ. ಮೊದಲ ಚೊಂಬು ನೀರು ಬೀಳುವುದೇ ತಡ, ಬೆಕ್ಕು ಮಾಡಿನ ಮೇಲೆ, ಚೊಂಬು ಚರಂಡಿಯಲ್ಲಿ, ಮಕ್ಕಳ ಕೈಮೇಲೆ ಕೆಂಪು ಗೆರೆ. ಅಜ್ಜಿ ಅಡುಗೆಮನೆಯಿಂದಲೇ, “ಅದ್ರ ತಂಟೆಗೆ ಹೋಗ್ಬೇಡ್ರೋ ಅಂತ ಬಡ್ಕಂಡೆ” ಅಂತಾಳೆ. ನೋಡಿದವರು ಹೊಟ್ಟೆ ಹುಣ್ಣಾಗುವಂತೆ ನಗುತ್ತಾರೆ.

ಗಮ್ಮತ್ತು ಅಲ್ಲಿಗೆ ಮುಗಿಯಿತು. ಪರಚಿಸಿಕೊಂಡ ಹುಡುಗ ಕೈಯನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಳ್ಳುತ್ತಾನೆ. ತಪ್ಪು ತನ್ನದೇ ಅಲ್ಲವೇ, ಹೇಳಿದರೆ ಅಪ್ಪನ ಏಟು ಗ್ಯಾರಂಟಿ. ಗೋಡೆಗೆ ಬಳಿದು ಉಳಿದ ಸುಣ್ಣವನ್ನೋ, ಡಬ್ಬಿಯ ಅರಿಶಿನವನ್ನೋ ಯಾರಿಗೂ ಕಾಣದಂತೆ ಮೆತ್ತಿಕೊಂಡು ಆಟಕ್ಕೆ ಓಡುತ್ತಾನೆ. ಬೆಕ್ಕಿನ ಸ್ನಾನದ ಕಥೆಯಲ್ಲಿ ನಗುವಂಥದ್ದು ಬಹಳ ಇದೆ. ನಗಬಾರದ ಭಾಗ ಈ ಬಚ್ಚಿಟ್ಟ ಕೈ.

ಉದ್ದ ಕೂದಲಿನವಳ ಊರು

ಮಿಡಿಗೇಶಿಗೂ ಕೂದಲಿಗೂ ಹಳೇ ನಂಟು. ಕೂದಲು ಹಿಮ್ಮಡಿ ಮುಟ್ಟುತ್ತಿದ್ದ ಒಬ್ಬ ಹೆಂಗಸಿನಿಂದ ಊರಿಗೆ ಈ ಹೆಸರು ಬಂತು ಎಂಬುದು ತಲೆಮಾರುಗಳಿಂದ ಬಂದ ಮಾತು. ಊರಿನ ಹಿಂದೆ ಬಂಡೆಯ ಬೆಟ್ಟ, ಬೆಟ್ಟದ ಮೇಲೆ ಕೋಟೆ. ಅಷ್ಟುದ್ದ ಕೂದಲಿಗೆ ಎಣ್ಣೆ ಹಚ್ಚಿ, ಸೀಗೆ ಉಜ್ಜಿ, ನೀರು ಹುಯ್ಯಲು ಎಷ್ಟು ಕೊಡ ಬೇಕಾಗುತ್ತಿತ್ತೋ ಬಲ್ಲವರಾರು!

ಇಂದು ಮಧುಗಿರಿ, ಪಾವಗಡ, ಶಿರಾ ಕಡೆಯ ಗೃಹಿಣಿಯರಿಗೆ ಕೊಡದ ಲೆಕ್ಕ ಚೆನ್ನಾಗಿ ಗೊತ್ತು. ಮಳೆ ಕಡಿಮೆಯ ಸೀಮೆ. ಬೋರ್‌ವೆಲ್ ಆಳಕ್ಕೆ ಇಳಿದಷ್ಟೂ ನೀರಿನಲ್ಲಿ ಫ್ಲೋರೈಡ್ ಕಾಟ. ಕುಡಿಯುವುದಕ್ಕೆ ಶುದ್ಧ ನೀರಿನ ಘಟಕದ ಮುಂದೆ ನಾಣ್ಯ ಹಾಕಿ ಕ್ಯಾನು ಹಿಡಿಯಬೇಕು. ಇಂಥ ಕಡೆ ಬೆಕ್ಕಿಗೆ ಒಂದು ಬಕೆಟ್ ನೀರು ಅಂದರೆ, “ಹೋಗ್ರಿ, ನಿಮ್ಗೇನು ಬೇರೆ ಕೆಲ್ಸ ಇಲ್ವಾ?” ಅಂತಾರೆ. ಆ ಮಾತಿನಲ್ಲಿ ಸುಳ್ಳಿಲ್ಲ. ಬೆಕ್ಕಿನ ಅಭಿಪ್ರಾಯವೂ ಅದೇ.

ಒಣ ಸೀಮೆಯ ಪ್ರಾಣಿ

ಬೆಕ್ಕಿಗೆ ನೀರು ಕಂಡರಾಗದು ಅನ್ನುವುದು ಬರೀ ಹಟವಲ್ಲ, ಅದರ ಹಿಂದೆ ವಂಶಾವಳಿ ಇದೆ. ಮನೆ ಬೆಕ್ಕಿನ ಮೂಲಪುರುಷ ಆಫ್ರಿಕಾ ಮತ್ತು ಪಶ್ಚಿಮ ಏಷ್ಯಾದ ಒಣ ನೆಲದ ಕಾಡುಬೆಕ್ಕು. ಮನುಷ್ಯ ಬೇಸಾಯ ಕಲಿತು ಕಾಳು ಕೂಡಿಡಲು ಶುರು ಮಾಡಿದ, ಕಾಳಿಗೆ ಇಲಿ ಬಂತು, ಇಲಿಯ ಹಿಂದೆ ಬೆಕ್ಕು ಬಂತು. ಸೈಪ್ರಸ್ ದ್ವೀಪದಲ್ಲಿ ಸುಮಾರು 9,500 ವರ್ಷ ಹಿಂದಿನ ಗೋರಿಯೊಂದರಲ್ಲಿ ಮನುಷ್ಯನ ಪಕ್ಕದಲ್ಲೇ ಬೆಕ್ಕನ್ನೂ ಹೂತಿದ್ದು ಸಿಕ್ಕಿದೆ ಎಂದು ವಿಜ್ಞಾನಿಗಳು 2004ರಲ್ಲಿ ಪ್ರಕಟಿಸಿದರು. ಅಂದರೆ ಸ್ನೇಹ ಹಳೆಯದು. ಆದರೆ ಆ ಸ್ನೇಹದ ಕರಾರಿನಲ್ಲಿ ಸ್ನಾನದ ಮಾತು ಎಲ್ಲೂ ಇಲ್ಲ.

ಒಣ ನೆಲದಲ್ಲಿ ಬೆಳೆದ ಈ ಪ್ರಾಣಿ ಬೇಟೆಯ ಮಾಂಸದ ತೇವದಲ್ಲೇ ಬಹುಪಾಲು ದಾಹ ತೀರಿಸಿಕೊಳ್ಳುತ್ತದೆ. ಇದರ ಮೂತ್ರಪಿಂಡ ನೀರನ್ನು ಹಿಂಡಿ ಹಿಂಡಿ ಉಳಿಸಿಕೊಳ್ಳುತ್ತದೆ. ನೀರಿನ ವಿಷಯದಲ್ಲಿ ಬೆಕ್ಕಿನಷ್ಟು ಜಿಪುಣ ಮಿಡಿಗೇಶಿ ಹೋಬಳಿಯ ಯಾವ ರೈತನೂ ಇರಲಾರ. ಕಡಲೆಕಾಯಿ ಮೂಟೆ ಕಾಯುವುದಕ್ಕೆ ಇದಕ್ಕಿಂತ ಹೊಂದುವ ಕಾವಲುಗಾರ ಸಿಗುವುದೂ ಕಷ್ಟ.

ಹಾಗಂತ ಬೆಕ್ಕಿನ ಕುಲವೆಲ್ಲ ನೀರಿಗೆ ಹೆದರುತ್ತದೆ ಎಂದುಕೊಳ್ಳಬೇಡಿ. ಇದರ ದೊಡ್ಡ ನೆಂಟ ಹುಲಿರಾಯ ಬಂಡೀಪುರ, ನಾಗರಹೊಳೆಗಳಲ್ಲಿ ಬೇಸಿಗೆ ಬಂದರೆ ಕುತ್ತಿಗೆ ಮಟ್ಟ ನೀರಿನಲ್ಲಿ ಕೂತಿರುತ್ತಾನೆ. ಪಶ್ಚಿಮ ಬಂಗಾಳದ ರಾಜ್ಯಪ್ರಾಣಿಯಾದ ಮೀನುಗಾರ ಬೆಕ್ಕು ನೀರಿಗೆ ಧುಮುಕಿ ಮೀನು ಹಿಡಿಯುತ್ತದೆ. ಟರ್ಕಿಯ ವಾನ್ ಸೀಮೆಯ ಬೆಕ್ಕು ಈಜುವುದಕ್ಕೇ ಹೆಸರುವಾಸಿ. ನಮ್ಮ ಹಿತ್ತಲ ಬೆಕ್ಕು ಮಾತ್ರ ಆ ಪೈಕಿ ಅಲ್ಲ. ಅದರ ಒಳತುಪ್ಪಳ ನೀರು ಹೀರಿ ಭಾರವಾಗುತ್ತದೆ, ಬೇಗ ಒಣಗುವುದಿಲ್ಲ. ಕಾಲ ಕೆಳಗಿನ ಕಲ್ಲು ಜಾರುತ್ತದೆ, ಓಡಲು ದಾರಿ ಕಾಣುವುದಿಲ್ಲ. ಮೈಯ ಸ್ವಂತ ವಾಸನೆ ಹೋಗಿ ಸೋಪಿನ ವಾಸನೆ ಬಂದರೆ ಬೆಕ್ಕಿಗೆ ತಾನೇ ಪರಕೀಯ.

ನಾಲಿಗೆಯೇ ಬಾಚಣಿಗೆ

ಅಷ್ಟಕ್ಕೂ ಬೆಕ್ಕು ಕೊಳಕು ಪ್ರಾಣಿಯಲ್ಲ. ಎಚ್ಚರವಿರುವ ಹೊತ್ತಿನಲ್ಲಿ ದೊಡ್ಡ ಪಾಲನ್ನು ಮೈ ನೆಕ್ಕಿಕೊಳ್ಳುವುದರಲ್ಲೇ ಕಳೆಯುತ್ತದೆ. ಕೈ ನೆಕ್ಕಿಸಿಕೊಂಡವರಿಗೆ ಗೊತ್ತು, ಅದರ ನಾಲಿಗೆ ಉಪ್ಪುಕಾಗದದ ಹಾಗೆ ಒರಟು. ಆ ಒರಟಿನ ಗುಟ್ಟನ್ನು ಅಮೆರಿಕದ ಜಾರ್ಜಿಯಾ ಟೆಕ್ ಸಂಸ್ಥೆಯ ಇಬ್ಬರು ಸಂಶೋಧಕರು 2018ರಲ್ಲಿ ಬಿಡಿಸಿದರು. ನಾಲಿಗೆಯ ಮೇಲೆ ಹಿಂದಕ್ಕೆ ಬಾಗಿದ ಸಣ್ಣ ಸಣ್ಣ ಮುಳ್ಳುಗಳು, ಮುಳ್ಳಿನ ತುದಿಯಲ್ಲಿ ಚಮಚದಂಥ ಟೊಳ್ಳು. ಆ ಟೊಳ್ಳು ಬಾಯಿಯ ಜೊಲ್ಲನ್ನು ಹೊತ್ತು ತುಪ್ಪಳದ ಬುಡಕ್ಕೇ ಮುಟ್ಟಿಸುತ್ತದೆ. ಬಾಚಣಿಗೆಯೂ ಅದೇ, ನೀರಿನ ಚೊಂಬೂ ಅದೇ. ಬೇಸಿಗೆಯಲ್ಲಿ ಮೈ ತಂಪು ಮಾಡುವುದೂ ಅದೇ.

ಆದ್ದರಿಂದ ಆರೋಗ್ಯವಾಗಿರುವ ಬೆಕ್ಕಿಗೆ ಸ್ನಾನ ಬೇಕಿಲ್ಲ. ಹಬ್ಬಕ್ಕೂ ಬೇಡ, ಅಮಾವಾಸ್ಯೆಗೂ ಬೇಡ. ಧೂಳು ಮೆತ್ತಿದ್ದರೆ ಒದ್ದೆ ಬಟ್ಟೆಯಲ್ಲಿ ಒರೆಸಿ, ಬಾಚಿದರೆ ಆಯಿತು. ಬೆಕ್ಕಿನ ಮಾನವೂ ಉಳಿಯಿತು, ಮನೆಯ ನೀರೂ ಉಳಿಯಿತು.

ಬೇಕಾಗುವ ಸಂದರ್ಭಗಳು

ಆದರೂ ಸ್ನಾನ ಮಾಡಿಸಲೇಬೇಕಾದ ಗಳಿಗೆಗಳಿವೆ. ಚಳಿಗೆ ಟ್ರ್ಯಾಕ್ಟರಿನ ಬಿಸಿ ಎಂಜಿನ್ ಕೆಳಗೆ ಮಲಗಿ ಆಯಿಲ್ ಮೆತ್ತಿಕೊಂಡ ಬೆಕ್ಕು. ರಸ್ತೆ ಕೆಲಸದ ಟಾರು ತುಳಿದು ಬಂದ ಬೆಕ್ಕು. ಬಣ್ಣದ ಡಬ್ಬಿಗೆ ಬಿದ್ದದ್ದು. ಹೊಲಕ್ಕೆ ಹೊಡೆಯುವ ಔಷಧಿ ಮೈಗೆ ತಗುಲಿಸಿಕೊಂಡದ್ದು. ಇವುಗಳನ್ನು ಹಾಗೇ ಬಿಟ್ಟರೆ ಬೆಕ್ಕು ತನ್ನ ಮಾಮೂಲು ಕೆಲಸ ಮಾಡುತ್ತದೆ, ನೆಕ್ಕುತ್ತದೆ. ಮೈಮೇಲಿನ ವಿಷ ಹೊಟ್ಟೆ ಸೇರುತ್ತದೆ. ಅಲ್ಲಿ ನಾಲಿಗೆಯ ಶುಚಿಯೇ ಅದಕ್ಕೆ ಮೃತ್ಯು.

ಟಾರು, ಬಣ್ಣ ಅಂಟಿದ್ದರೆ ಮೊದಲು ಕೊಬ್ಬರಿ ಎಣ್ಣೆಯನ್ನೋ ಕಡಲೆಕಾಯಿ ಎಣ್ಣೆಯನ್ನೋ ಸವರಿ ಸಡಿಲ ಮಾಡಬೇಕು. ಸೀಮೆಎಣ್ಣೆ, ಪೆಟ್ರೋಲು ಹಾಕಿ ಉಜ್ಜುವುದು ಮಹಾ ತಪ್ಪು, ಚರ್ಮ ಸುಡುತ್ತದೆ. ಹೊಲದ ಔಷಧಿಯಾದರೆ ಕೈಗೆ ಚೀಲ ಕಟ್ಟಿಕೊಂಡು ತೊಳೆದು, ನೆಕ್ಕದಂತೆ ಟವಲಿನಲ್ಲಿ ಸುತ್ತಿ, ಔಷಧಿಯ ಡಬ್ಬಿಯ ಸಮೇತ ಪಶುವೈದ್ಯರ ಹತ್ತಿರ ಓಡಬೇಕು. ಪಶು ಆಸ್ಪತ್ರೆ ಅಂದರೆ ಎಮ್ಮೆ, ಹಸುವಿಗೆ ಮಾತ್ರ ಎಂದು ಎಷ್ಟೋ ಜನ ತಿಳಿದಿದ್ದಾರೆ. ಬೆಕ್ಕೂ ಪಶುವೇ.

ಚಿಗಟ ಆಗಿದೆ ಎಂದು ಫಿನಾಯಿಲ್ ನೀರಿನಲ್ಲಿ ಅದ್ದುವವರಿದ್ದಾರೆ. ನೆಲ ಒರೆಸುವ ಈ ದ್ರವ ಬೆಕ್ಕಿಗೆ ವಿಷ. ಇಂಥ ರಾಸಾಯನಿಕವನ್ನು ಒಡೆದು ಹೊರಹಾಕುವ ಶಕ್ತಿ ಮನುಷ್ಯನ ಪಿತ್ತಜನಕಾಂಗಕ್ಕೆ ಇರುವಷ್ಟು ಬೆಕ್ಕಿನದಕ್ಕೆ ಇಲ್ಲ. ನಾಯಿಗೆಂದು ಮಾರುವ ಪರ್ಮೆತ್ರಿನ್ ಬೆರೆತ ಚಿಗಟದ ಔಷಧಿಯೂ ಅಷ್ಟೇ. ನಾಯಿಗೆ ಮದ್ದು, ಬೆಕ್ಕಿಗೆ ಮರಣ. ಮೈಮೇಲೆ ದುಂಡಗೆ ಕೂದಲು ಉದುರಿದ್ದರೆ ಅದು ಹುಳುಕಡ್ಡಿ ಇರಬಹುದು, ಮಕ್ಕಳಿಗೂ ಅಂಟುತ್ತದೆ. ಅದಕ್ಕೆ ತಕ್ಕ ಮದ್ದನ್ನು ವೈದ್ಯರೇ ಹೇಳಬೇಕು.

ಒಂದು ಬಕೆಟ್, ಎರಡು ಆಳು

ಮಾಡಿಸಲೇಬೇಕಾದರೆ ಕ್ರಮ ಹೀಗೆ. ಇಬ್ಬರು ದೊಡ್ಡವರು ಬೇಕು, ಮಕ್ಕಳು ದೂರ ಇರಬೇಕು. ಅವಸರ ಇಲ್ಲದಿದ್ದರೆ ಹಿಂದಿನ ದಿನವೇ ಉಗುರಿನ ತುದಿ ಮಾತ್ರ ಕತ್ತರಿಸಿ, ಕೂದಲು ಬಾಚಿಡಬೇಕು. ಬಚ್ಚಲಿನ ಬಾಗಿಲು ಕಿಟಕಿ ಮುಚ್ಚಬೇಕು. ಬೋಗುಣಿಯ ತಳಕ್ಕೆ ಗೋಣಿಚೀಲ ಹಾಸಿದರೆ ಕಾಲು ಜಾರುವುದಿಲ್ಲ. ಅರ್ಧ ಭಯ ಅಲ್ಲೇ ಕಡಿಮೆ. ನೀರು ಹೊಟ್ಟೆ ಮುಟ್ಟುವಷ್ಟು ಇದ್ದರೆ ಸಾಕು, ಬೆಕ್ಕಿನ ಕಣ್ಣೆದುರು ಧೋ ಎಂದು ಸುರಿಯಬಾರದು, ಮೊದಲೇ ತುಂಬಿಟ್ಟಿರಬೇಕು.

ಬಿಸಿ ಎಷ್ಟು? ಬೆಕ್ಕಿನ ಮೈ ಶಾಖ ಸುಮಾರು 38ರಿಂದ 39 ಡಿಗ್ರಿ ಸೆಲ್ಸಿಯಸ್. ಬಾಣಂತಿಯ ಕೂಸಿಗೆ ನೀರು ಹಾಕುವ ಅಜ್ಜಿ ಮೊಣಕೈ ಅದ್ದಿ ನೋಡುತ್ತಾಳಲ್ಲ, ಅದೇ ಉಗುರುಬೆಚ್ಚಗಿನ ಹದ. ಹಂಡೆ ನೀರು ಕುದಿ ಬಂದದ್ದೇ ಹುಯ್ದರೆ ಗತಿಯೇನು ಎಂಬುದಕ್ಕೆ ತೆನಾಲಿ ರಾಮಕೃಷ್ಣನ ಬೆಕ್ಕಿನ ಕಥೆ ಇದೆ. ಕೃಷ್ಣದೇವರಾಯ ಸಾಕಲು ಕೊಟ್ಟ ಬೆಕ್ಕಿಗೆ ರಾಮಕೃಷ್ಣ ಕುದಿಯುವ ಹಾಲಿಟ್ಟನಂತೆ, ಆಮೇಲೆ ಅದು ಹಾಲು ಕಂಡರೆ ಓಟ ಕೀಳುತ್ತಿತ್ತಂತೆ. ಕನ್ನಡ ತೆಲುಗು ಎರಡೂ ಬೆರೆತ ಈ ಗಡಿ ಸೀಮೆಯಲ್ಲಿ ಆ ಕಥೆ ಕೇಳದ ಕೂಸಿಲ್ಲ. ಬೆಕ್ಕು ಎನ್ನಿ, ಪಿಲ್ಲಿ ಎನ್ನಿ, ಒಮ್ಮೆ ಸುಟ್ಟುಕೊಂಡ ನೆನಪು ಅದಕ್ಕೆ ಮಾಸುವುದಿಲ್ಲ. ಹಾಲನ್ನೇ ಬಿಟ್ಟ ಬೆಕ್ಕು ನೀರನ್ನು ನಂಬೀತೆ?

ಕತ್ತಿನಿಂದ ಶುರು ಮಾಡಿ ಬಾಲದ ಕಡೆಗೆ ಹೋಗಬೇಕು. ಚಿಗಟ ಇದ್ದರೆ ಮುಖದತ್ತ ಓಡದಂತೆ ಕತ್ತಿನ ಸುತ್ತ ಮೊದಲು ನೊರೆಯ ಬೇಲಿ. ತಲೆಯ ಮೇಲೆ ನೀರು ಹುಯ್ಯಬಾರದು, ಕಿವಿಗೆ ಹೋಗಬಾರದು. ಮುಖಕ್ಕೆ ಒದ್ದೆ ಬಟ್ಟೆ ಸಾಕು. ಬಟ್ಟೆ ಸೋಪು ಬೇಡ, ಸೀಗೆಪುಡಿಯೂ ಬೇಡ. ಮನುಷ್ಯರ ಕಣ್ಣನ್ನೇ ಉರಿಸುವ ಸೀಗೆ ಬೆಕ್ಕಿನ ಕಣ್ಣನ್ನು ಬಿಟ್ಟೀತೆ? ಬೆಕ್ಕಿಗೆಂದೇ ತಯಾರಾದ ಶಾಂಪೂ ಸ್ವಲ್ಪ ಹಾಕಿ, ಎರಡನೇ ಬೋಗುಣಿಯ ನೀರಿನಲ್ಲಿ ಪೂರ್ತಿ ತೊಳೆಯಬೇಕು. ನೊರೆ ಉಳಿದರೆ ನೆಕ್ಕುವುದು ಖಾತ್ರಿ. ಹತ್ತು ನಿಮಿಷದೊಳಗೆ ಎಲ್ಲಾ ಮುಗಿಸಿ, ಒಣ ಟವಲಿನಲ್ಲಿ ಒತ್ತಿ ಒರೆಸಿ, ಗಾಳಿ ಹೊಡೆಯದ ಬೆಚ್ಚಗಿನ ಮೂಲೆಯಲ್ಲಿ ಬಿಡಬೇಕು. ಬೆಕ್ಕು ಬಾಯಿ ತೆರೆದು ಏದುಸಿರು ಬಿಟ್ಟರೆ ಅಲ್ಲಿಗೇ ನಿಲ್ಲಿಸಬೇಕು, ಹಟ ಸಲ್ಲದು. ಎರಡು ತಿಂಗಳು ತುಂಬದ ಮರಿಗೆ ಬಕೆಟ್ ಸ್ನಾನವೇ ಬೇಡ.

ಬಚ್ಚಿಟ್ಟ ಕೈ

ಈಗ ಆ ಹುಡುಗನ ಕೈಗೆ ಬರೋಣ. “ಬೆಕ್ಕು ಪರಚಿದ್ದು ತಾನೆ, ನಾಯಿ ಏನೂ ಕಚ್ಚಿಲ್ವಲ್ಲ” ಎನ್ನುವುದು ಹಳ್ಳಿಯ ಸಾಮಾನ್ಯ ಸಮಾಧಾನ. ರೇಬೀಸ್ ಅಂದರೆ ಹುಚ್ಚುನಾಯಿ ರೋಗ, ನಾಯಿಯ ಆಸ್ತಿ ಎಂಬ ನಂಬಿಕೆ. ಮನುಷ್ಯರಿಗೆ ಬರುವ ರೇಬೀಸ್‌ನಲ್ಲಿ ಬಹುತೇಕ ಎಲ್ಲವೂ ನಾಯಿಯಿಂದಲೇ ಎಂಬುದು ನಿಜ. ಆದರೆ ಹುಚ್ಚು ನಾಯಿ ಕಚ್ಚಿದ ಬೆಕ್ಕಿಗೂ ರೋಗ ಬರುತ್ತದೆ, ಆ ಬೆಕ್ಕಿನಿಂದ ಮನುಷ್ಯನಿಗೂ ಬರಬಲ್ಲದು. ರಾತ್ರಿಯೆಲ್ಲಾ ಊರು ಸುತ್ತಿ ಬರುವ ಬೆಕ್ಕು ಯಾವ ಬೀದಿಯಲ್ಲಿ ಯಾವ ನಾಯಿಯ ಬಾಯಿಗೆ ಸಿಕ್ಕಿತ್ತೋ ಮನೆಯವರಿಗೆ ತಿಳಿಯುವುದಿಲ್ಲ.

ಪರಚಿದರೂ ಯಾಕೆ ಹೆದರಬೇಕು? ಆಗಲೇ ಹೇಳಿದ ನಾಲಿಗೆಯನ್ನು ನೆನಪಿಸಿಕೊಳ್ಳಿ. ರೋಗ ಇರುವುದು ಜೊಲ್ಲಿನಲ್ಲಿ. ಬೆಕ್ಕು ದಿನಕ್ಕೆ ಹತ್ತಾರು ಸಲ ಪಂಜ ನೆಕ್ಕುತ್ತದೆ. ಜೊಲ್ಲು ಉಗುರಿನ ಸಂದಿಯಲ್ಲಿ ಕೂತಿರುತ್ತದೆ. ಆ ಉಗುರು ಚರ್ಮ ಸೀಳಿದರೆ ಅದನ್ನು ಬರೀ ಗೀರು ಎಂದು ಬಿಡುವಂತಿಲ್ಲ. ರಕ್ತ ಬಾರದ ಸಣ್ಣ ಪರಚಿಗೂ ಗಾಯ ತೊಳೆದು ಲಸಿಕೆ ಹಾಕಬೇಕು, ರಕ್ತ ಬಂದಿದ್ದರೆ ಅದರ ಜೊತೆ ಗಾಯಕ್ಕೆ ಇಮ್ಯುನೋಗ್ಲೋಬ್ಯುಲಿನ್ ಸಹ ಬೇಕು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ವಿಂಗಡಣೆ. ರೋಗದ ಲಕ್ಷಣ ಕಾಣಿಸಿಕೊಳ್ಳಲು ಸಾಮಾನ್ಯವಾಗಿ ಎರಡು ಮೂರು ತಿಂಗಳು ಹಿಡಿಯಬಹುದು. ಅಷ್ಟರಲ್ಲಿ ಮನೆಯವರಿಗೆ ಬೆಕ್ಕಿನ ಸ್ನಾನ ಮರೆತೇ ಹೋಗಿರುತ್ತದೆ. ಲಕ್ಷಣ ಶುರುವಾದ ಮೇಲೆ ಬದುಕಿ ಉಳಿಯುವುದು ಇಲ್ಲವೆಂದೇ ಹೇಳಬೇಕು.

ಆದರೆ ತಡೆಯುವುದು ಬಲು ಸುಲಭ. ಮೊದಲ ಮದ್ದು ಮನೆಯಲ್ಲೇ ಇದೆ: ಸೋಪು ಮತ್ತು ನೀರು. ಗಾಯವನ್ನು ಹರಿಯುವ ನೀರಿನ ಕೆಳಗೆ ಹಿಡಿದು ಗಡಿಯಾರ ನೋಡಿಕೊಂಡು 15 ನಿಮಿಷ ತೊಳೆಯಬೇಕು. ಬಟ್ಟೆ ಸೋಪಾದರೂ ಪರವಾಗಿಲ್ಲ. ಬೆಕ್ಕಿಗೆ ಬೇಡ ಎಂದ ಸೋಪು ಇಲ್ಲಿ ಬೇಕು. ಸುಣ್ಣ, ಅರಿಶಿನ, ಖಾರದಪುಡಿ, ಕಾಫಿಪುಡಿ ಯಾವುದನ್ನೂ ಮೆತ್ತಬಾರದು, ಬಿಗಿಯಾಗಿ ಕಟ್ಟಬಾರದು. ಆಮೇಲೆ ಅದೇ ದಿನ ಆಸ್ಪತ್ರೆ.

ಆಸ್ಪತ್ರೆ ಅಂದಕೂಡಲೇ ಹಳಬರು ಹೊಕ್ಕುಳ ಮುಟ್ಟಿ ನೋಡಿಕೊಳ್ಳುತ್ತಾರೆ. ಹೊಟ್ಟೆಯ ಸುತ್ತ 14 ಇಂಜೆಕ್ಷನ್ ಚುಚ್ಚುತ್ತಿದ್ದ ಕಾಲದ ನೆನಪು ಅದು. ಆ ಹಳೆಯ ಲಸಿಕೆ ನಮ್ಮ ದೇಶದಲ್ಲಿ 2005ರ ಹೊತ್ತಿಗೆ ನಿಂತೇ ಹೋಯಿತು. ಈಗ ತೋಳಿಗೆ ಹಾಕುತ್ತಾರೆ. ಚರ್ಮದೊಳಗೆ ಹಾಕುವ ಕ್ರಮದಲ್ಲಿ ಮೊದಲ ದಿನವನ್ನು ಸೊನ್ನೆ ಎಂದು ಎಣಿಸಿ 0, 3, 7 ಮತ್ತು 28ನೇ ದಿನ, ನಾಲ್ಕು ಸಲ ಹೋಗಿ ಬಂದರೆ ಮುಗಿಯಿತು. ಸರ್ಕಾರಿ ಆಸ್ಪತ್ರೆಯಲ್ಲಿ ದುಡ್ಡಿಲ್ಲ. ನಾಲ್ಕರಲ್ಲಿ ಎರಡು ಹಾಕಿಸಿ, “ವಾಸಿ ಆಯ್ತು ಬಿಡ್ರಿ” ಎಂದು ಕೈಬಿಡುವವರೇ ಹೆಚ್ಚು ಅಪಾಯದಲ್ಲಿರುವವರು. ಪರಚಿದ ಬೆಕ್ಕನ್ನು ಹೊಡೆದು ಓಡಿಸಬಾರದು. ಹತ್ತು ದಿನ ಕಣ್ಣೆದುರು ಇಟ್ಟುಕೊಂಡು ನೋಡಬೇಕು. ಅದು ಸತ್ತರೆ, ಕಾಣೆಯಾದರೆ, ವಿಚಿತ್ರವಾಗಿ ಆಡಿದರೆ ವೈದ್ಯರಿಗೆ ಹೇಳಬೇಕು. ವರ್ಷಕ್ಕೊಮ್ಮೆ ಬೆಕ್ಕಿಗೂ ರೇಬೀಸ್ ಲಸಿಕೆ ಹಾಕಿಸುವುದು ಎಲ್ಲಕ್ಕಿಂತ ಜಾಣತನ.

ಕರ್ನಾಟಕ ಸರ್ಕಾರ 2022ರಲ್ಲಿ ಮನುಷ್ಯರ ರೇಬೀಸನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ರೋಗಗಳ ಪಟ್ಟಿಗೆ ಸೇರಿಸಿತು. ಆಸ್ಪತ್ರೆಗಳು ವರದಿ ಮಾಡುವುದು ಸರಿ. ಅದಕ್ಕೂ ಮೊದಲು ಮನೆಯೊಳಗೆ ಒಂದು ವರದಿ ಆಗಬೇಕಲ್ಲ? ಹುಡುಗ ಅಪ್ಪನಿಗೆ ಮಾಡಬೇಕಾದ ವರದಿ. ಅದು ಆಗದಿರುವುದಕ್ಕೆ ಕಾರಣ ಬೈಗುಳದ ಭಯ. ಬೆಕ್ಕಿನ ತಂಟೆಗೆ ಹೋದದ್ದಕ್ಕೆ ಕೊಡುವ ಒಂದು ಏಟು, ಮುಂದಿನ ಸಲ ಗಾಯವನ್ನು ಬಚ್ಚಿಡುವ ಪಾಠ ಕಲಿಸುತ್ತದೆ. ಬೈಯುವುದಿದ್ದರೆ ಲಸಿಕೆ ಹಾಕಿಸಿಕೊಂಡು ಬಂದ ಮೇಲೆ ನಿಧಾನವಾಗಿ ಬೈಯಬಹುದು, ಅವಸರವೇನು?

ಮುಂದಿನ ಸಂಕ್ರಾಂತಿಗೂ ಎತ್ತುಗಳಿಗೆ ಸ್ನಾನ ಆಗುತ್ತದೆ, ಮಕ್ಕಳ ಕಣ್ಣು ಬೂದಿಯಲ್ಲಿ ಮಲಗಿದ ಬೆಕ್ಕಿನ ಮೇಲೆ ಬೀಳುತ್ತದೆ. ಬೆಕ್ಕನ್ನು ಅದರ ಪಾಡಿಗೆ ಬಿಡುವುದು ಒಳ್ಳೆಯದು. ಬಿಡದೆ ಹೋದರೆ, ಬೆಕ್ಕಿಗೆಂದು ತುಂಬಿಟ್ಟ ಆ ಬಕೆಟ್ ನೀರು ಚೆಲ್ಲಿ ಹೋಗುವ ಮುಂಚೆ ಪರಚಿಸಿಕೊಂಡವನ ಕೈಮೇಲೆ ಹರಿಯಲಿ, ಪೂರಾ 15 ನಿಮಿಷ. ನೀರಿಗೆ ಬರವಿರುವ ಊರಿನಲ್ಲೂ ಆ ನೀರು ದಂಡವಲ್ಲ.